ಬೆಳ್ಳಿಯೆಂದರೆ ಯಾವ ಬೆಳ್ಳಿ?

ಈ ಸಂಚಿಕೆಗೆ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳಂಥ ಘನವಾದ ವಿಷಯಗಳನ್ನು ಕುರಿತು ಬರೆಯುವ ಗೆಳೆಯರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಸಾಲಿನಲ್ಲಿ ಕಾರಿನ ಗೀರಿಗೆ ಬಣ್ಣ ಹಚ್ಚುವ ಸಂಗತಿಯನ್ನು ಹಿಡಿದುಕೊಂಡು ಬಂದು ನಿಂತಿರುವ ನನ್ನನ್ನು ಕಂಡು, ಕನ್ನಡವನ್ನೂ ಇತಿಹಾಸವನ್ನೂ ಓದುವ ಹುಡುಗನಿಗೆ ಈ ಗ್ಯಾರೇಜಿನ ಗೊಡವೆ ಏಕೆ ಎಂದು ಯಾರಾದರೂ ಕೇಳಿದರೆ ನಾನು ತಪ್ಪು ತಿಳಿಯುವುದಿಲ್ಲ. ನನಗಾದರೂ ಅದರ ಗೊಡವೆ ಬೇಕಾಗಿರಲಿಲ್ಲ. ಕಳೆದ ಮಳೆಗಾಲದಲ್ಲಿ ನಾನು ಮಾಡಿದ ಒಂದು ಅವಿವೇಕದ ಫಲವಾಗಿ ಎಂಟು ಹತ್ತು ದಿನ ಬಣ್ಣದ ಮೇಸ್ತ್ರಿಯೊಬ್ಬರ ಬಳಿ ಶಿಷ್ಯವೃತ್ತಿ ಮಾಡಬೇಕಾಯಿತು. ಶಿಷ್ಯವೃತ್ತಿಯೆಂದರೆ ವಿದ್ಯಾರ್ಥಿವೇತನವೆಂದು ಭಾವಿಸಬೇಡಿ. ಹಣ ಹೋದುದು ನನ್ನ ಕೈಯಿಂದಲೇ.

ನನ್ನ ಸೋದರಮಾವನವರಲ್ಲಿ 2012ರ ಒಂದು ವ್ಯಾಗನ್ ಆರ್ ಕಾರು ಇತ್ತು, ಬೆಳ್ಳಿಯ ಬಣ್ಣದ್ದು. ಮಗಳನ್ನು ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಬೇಕಾಗಿದ್ದುದರಿಂದ ಅದನ್ನು ಮಾರಿಬಿಡಲು ನಿಶ್ಚಯಿಸಿ, ಅರಕಲಗೂಡಿನ ಕಡೆಯ ಮೇಷ್ಟರೊಬ್ಬರಿಂದ ಹತ್ತು ಸಾವಿರ ರೂಪಾಯಿ ಮುಂಗಡವನ್ನೂ ಪಡೆದಿದ್ದರು. ಕಾಶೀಯಾತ್ರೆಯಿಂದ ಬಂದ ಮೇಲೆ ಗಾಡಿಯನ್ನು ಒಪ್ಪಿಸುವುದೆಂದು ಮಾತಾಗಿತ್ತು. ಹೊರಡುವ ದಿನ ಕಾರನ್ನು ಹಾಸನದ ನಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿ, ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, "ಎರಡು ದಿನಕ್ಕೊಂದು ಸಲ ಸ್ಟಾರ್ಟ್ ಮಾಡೋ. ಗೇಟಿನಿಂದ ಆಚೆಗೆ ಮಾತ್ರ ತೆಗೀಬೇಡ" ಎಂದು ಹೇಳಿ ಹೋದರು. ಮೂರನೆಯ ದಿನವೇ ನಾನು ಅದನ್ನು ಗೇಟಿನಿಂದ ಆಚೆಗೆ ತೆಗೆದೆ. ಹೋಗಿ ಬಂದುದೇನೋ ಸುಖವಾಗಿಯೇ. ಮತ್ತೆ ಒಳಕ್ಕೆ ತರುವಾಗ ಗೇಟಿನ ಕಬ್ಬಿಣದ ಅಗುಳಿಯು ಎಡಗಡೆಯ ಹಿಂದಿನ ಬಾಗಿಲಿನ ಮೇಲೆ ಗೇಣುದ್ದದ ಗೆರೆಯೊಂದನ್ನು ಎಳೆಯಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ನನ್ನ ತಂಗಿ ಅನುಕಂಪದಿಂದ ತನ್ನ ಉಗುರಿನ ಬಣ್ಣದ ಶೀಷೆಯನ್ನು ತಂದುಕೊಟ್ಟಳು. ಅದು ಗುಲಾಬಿ ಬೆರೆತ ಬೆಳ್ಳಿ. ಬೇಡವೆನ್ನುವಷ್ಟು ಬುದ್ಧಿ ನನಗೂ ಇತ್ತು. ಆದರೆ ಅದಕ್ಕಿಂತ ಹೆಚ್ಚಿನ ಬುದ್ಧಿ ಇರಲಿಲ್ಲವಾದುದರಿಂದ, ನೇರವಾಗಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಸಿಲ್ವರ್ ಬಣ್ಣದ ಸ್ಪ್ರೇ ಡಬ್ಬಿ ಕೊಡಿ" ಎಂದೆ. ಯಾವ ಸಿಲ್ವರ್ ಎಂದು ಅಂಗಡಿಯವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಬಂದು ಹೊಡೆದೆ. ಗೇಣುದ್ದದ ಗೀರು ಇದ್ದೆಡೆಯಲ್ಲಿ ಮೊರದಗಲದ ಮಚ್ಚೆ ಮೂಡಿತು. ಕಾರಿನ ಮೈ ಒಂದು ಬೆಳ್ಳಿ, ಮಚ್ಚೆ ಇನ್ನೊಂದು ಬೆಳ್ಳಿ. ನೀರಿನ ಟ್ಯಾಂಕಿಗೂ ಕಿಟಕಿಯ ಸರಳಿಗೂ ಬಳಿಯುತ್ತಾರಲ್ಲ, ಅಂಥದು.

ಮರುದಿನ ಬಿ. ಎಂ. ರಸ್ತೆಯ ಪಕ್ಕದಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡುವ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಕಾರನ್ನು ಒಯ್ದು ನಿಲ್ಲಿಸಿದೆ. ಅವರು ಮಚ್ಚೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು.

"ಯಾವ ಬಣ್ಣ ಹೊಡೆದಿದ್ದೀಯಪ್ಪ ಇದಕ್ಕೆ?"

"ಸಿಲ್ವರ್."

"ಸಿಲ್ವರ್ ಅಂತ ಒಂದು ಬಣ್ಣ ಇಲ್ಲ. ರಸ್ತೇಲಿ ಹೋಗೋ ಹತ್ತು ಸಿಲ್ವರ್ ಗಾಡಿ ನಿಲ್ಲಿಸಿ ನೋಡು, ಹತ್ತೂ ಬೇರೆ ಬೇರೆ. ನಂಬರ್ ಏನು?"

ನಾನು "ಕೆ ಎ ಹದಿಮೂರು..." ಎಂದು ಗಾಡಿಯ ನೋಂದಣಿ ಸಂಖ್ಯೆಯನ್ನು ಹೇಳತೊಡಗಿದೆ. ಶೆಡ್ಡಿನಲ್ಲಿ ವಾಟರ್ ಪೇಪರ್ ಉಜ್ಜುತ್ತಿದ್ದ ಹುಡುಗ ನಕ್ಕುಬಿಟ್ಟ. ಮೇಸ್ತ್ರಿ ನಗಲಿಲ್ಲ. ಬಟ್ಟೆಗೆ ಒಂದಿಷ್ಟು ಥಿನ್ನರ್ ಹಾಕಿಕೊಂಡು ನನ್ನ ಮಚ್ಚೆಯನ್ನು ಬೇಗ ಬೇಗನೆ ಒರೆಸಿ ತೆಗೆದರು. ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಬಣ್ಣ ಅಷ್ಟಕ್ಕೆ ಕರಗುವುದಿಲ್ಲವಂತೆ; ನಿನ್ನೆಯ ಡಬ್ಬಿಯ ಬಣ್ಣ ಮಾತ್ರ ಕರಗಿ ಬಂತು. ಕೆಳಗೆ ನನ್ನ ಗೀರು ಮೊದಲಿನಂತೆಯೇ ಇತ್ತು. ಅದನ್ನು ಕಂಡು ಅಷ್ಟು ಸಂತೋಷವಾಗುವುದೆಂದು ನಾನು ಎಣಿಸಿರಲಿಲ್ಲ.

ಮೇಸ್ತ್ರಿ ಕೇಳಿದ ಸಂಖ್ಯೆ ಬಣ್ಣದ ಸಂಕೇತ. ಕಾರ್ಖಾನೆಯಲ್ಲಿ ಹಚ್ಚಿದ ಪ್ರತಿಯೊಂದು ಬಣ್ಣಕ್ಕೂ ಕೆಲವು ಅಕ್ಷರ, ಅಂಕಿಗಳ ಒಂದು ಗುಂಪು ಗುರುತಾಗಿ ಇರುತ್ತದೆ. ಹೆಸರನ್ನು ನೆಚ್ಚಿದರೆ ಕೆಲಸ ಕೆಡುತ್ತದೆ. ಹೆಸರಿಡುವುದರಲ್ಲಿ ಕಾರಿನ ಕಂಪನಿಗಳು ಕವಿಗಳಿಗೇನೂ ಕಡಮೆಯಲ್ಲ. ಬಿಳಿಯ ಬಣ್ಣವನ್ನೇ ತೆಗೆದುಕೊಳ್ಳಿ: ಸುಜುಕಿಯವರದು ಸುಪೀರಿಯರ್ ವೈಟ್, ಟೊಯೋಟಾದವರದು ಸೂಪರ್ ವೈಟ್, ಹೋಂಡಾದವರು ರೇಷ್ಮೆಯ ಬಟ್ಟೆಯ ಹೆಸರಿನಿಂದ ಟಫೆಟಾ ವೈಟ್, ಫೋಕ್ಸ್‌ವ್ಯಾಗನ್ನಿನವರು ಮಿಠಾಯಿಯ ಹೆಸರಿನಿಂದ ಕ್ಯಾಂಡಿ ವೈಟ್. ನಾಲ್ಕೂ ಬಿಳಿಯೇ, ಆದರೆ ಒಂದರಂತೆ ಒಂದಿಲ್ಲ. ಸಂಕೇತವನ್ನು ನೋಡಿದರೆ ಗೊಂದಲವಿಲ್ಲ. ಮೊದಲನೆಯದು 26ಯು, ಎರಡನೆಯದು 040, ಮೂರನೆಯದು ಎನ್‌ಎಚ್ 578, ನಾಲ್ಕನೆಯದು ಎಲ್‌ಬಿ9ಎ. ಹೋಂಡಾದವರ ಸಂಕೇತದಲ್ಲಿ ಒಂದು ಜಾಣತನವೂ ಇದೆ: ಎನ್‌ಎಚ್ ಎಂದರೆ ಬಿಳಿ, ಕಪ್ಪು, ಬೂದಿಯಂಥ ವರ್ಣವಿಲ್ಲದ ಬಣ್ಣ, ಕೊನೆಯಲ್ಲಿ ಎಂ ಬಂದರೆ ಲೋಹದ ಹೊಳಪಿನದು, ಪಿ ಬಂದರೆ ಮುತ್ತಿನ ಹೊಳಪಿನದು.

ಈ ಸಂಕೇತವನ್ನು ಎಲ್ಲಿ ಹುಡುಕಬೇಕು ಎಂಬುದೇ ಮೊದಲ ತೊಡಕು. ಎಲ್ಲ ಕಂಪನಿಗಳೂ ಒಂದೇ ಕಡೆ ಬರೆದಿದ್ದರೆ ಲೋಕ ಇನ್ನಷ್ಟು ಸುಖವಾಗಿರುತ್ತಿತ್ತು. ಟೊಯೋಟಾ ಗಾಡಿಯಲ್ಲಿ ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಒಂದು ಚೀಟಿ ಇರುತ್ತದೆ. ಅದರಲ್ಲಿ ಸಿ/ಟಿಆರ್ ಎಂದಿರುವ ಕಡೆ ಮೊದಲು ಬರುವುದು ಮೈಯ ಬಣ್ಣ, ಆಮೇಲಿನದು ಒಳಗಿನ ಸೀಟು ಮುಂತಾದುವುಗಳ ಬಣ್ಣ. ಹೋಂಡಾದಲ್ಲಿಯೂ ಬಾಗಿಲಿನ ಕಂಬವೇ. ಫೋಕ್ಸ್‌ವ್ಯಾಗನ್ನಿನವರು ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರದ ಗುಳಿಯಲ್ಲಿ ಚೀಟಿ ಅಂಟಿಸುತ್ತಾರೆ, ಸರ್ವಿಸ್ ಪುಸ್ತಕದಲ್ಲಿಯೂ ಅದರ ಪ್ರತಿ ಇರುತ್ತದೆ. ನಮ್ಮ ಮಾವನವರ ಗಾಡಿಯಲ್ಲಿ ಬಾನೆಟ್ ಎತ್ತಿದಾಗ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ, ಹನ್ನೆರಡು ವರ್ಷಕ್ಕೂ ಮೀರಿದ ಎಣ್ಣೆಜಿಡ್ಡಿನ ಕೆಳಗೆ ಅದು ಅಡಗಿತ್ತು. ಆ ಫಲಕದಲ್ಲಿ ಕಣ್ಣಿಗೆ ಮೊದಲು ಬೀಳುವುದು ಹದಿನೇಳು ಅಕ್ಷರಗಳ ಚಾಸಿ ಸಂಖ್ಯೆ. ಅನೇಕರು ಅದೇ ಬಣ್ಣದ ಸಂಕೇತವೆಂದು ಬರೆದುಕೊಂಡು ಹೋಗುತ್ತಾರಂತೆ. ಅದರಲ್ಲಿ ಬಣ್ಣದ ಸುದ್ದಿಯಿರುವುದಿಲ್ಲ. ಆದರೆ ಫಲಕ ಅಳಿಸಿಹೋಗಿದ್ದರೆ ಅದೇ ಸಂಖ್ಯೆಯನ್ನು ಡೀಲರರಿಗೆ ಕೊಟ್ಟು, ಅವರ ದಾಖಲೆಯಿಂದ ಬಣ್ಣವನ್ನು ತಿಳಿಯಬಹುದು. ಆರ್. ಸಿ. ಪತ್ರದಲ್ಲಿಯೂ ಬಣ್ಣದ ಹೆಸರು ಇರುತ್ತದೆ. ಹೆಸರೂ ಸಂಕೇತವೂ ತಾಳೆಯಾಗುತ್ತವೆಯೇ ಎಂದು ನೋಡಿಕೊಳ್ಳಲು ಅಷ್ಟು ಸಾಕು.

ನಾನು ಓದಿಕೊಂಡು ಬಂದುದು 22ಎಸ್ ಎಂದು. ಬಣ್ಣ ಕಲಸಿಕೊಡುವ ಅಂಗಡಿಯವರು ತಮ್ಮ ಕಂಪ್ಯೂಟರಿನಲ್ಲಿ ಹುಡುಕಿ, ಈ ಗಾಡಿಗೆ ಅಂಥ ಬಣ್ಣವೇ ಇಲ್ಲವೆಂದರು. ಮತ್ತೆ ಬಂದು ಸೀಮೆಎಣ್ಣೆಯ ಬಟ್ಟೆಯಿಂದ ಜಿಡ್ಡನ್ನು ಒರೆಸಿ ನೋಡಿದರೆ, ಮೊದಲನೆಯ ಎರಡು ಎರಡಲ್ಲ. ಅದು ರೋಮನ್ ಲಿಪಿಯ ಕೊನೆಯ ಅಕ್ಷರ. ಝಡ್2ಎಸ್. ಆರ್. ಸಿ.ಯಲ್ಲಿ ಸಿಲ್ಕಿ ಸಿಲ್ವರ್ ಎಂದಿತ್ತು, ತಾಳೆಯಾಯಿತು. ಚಾಸಿ ಸಂಖ್ಯೆಯಲ್ಲಿ ಸೊನ್ನೆ, ಒಂದುಗಳೊಡನೆ ಬೆರೆತುಹೋಗದಂತೆ ಐ, ಓ, ಕ್ಯೂ ಎಂಬ ಅಕ್ಷರಗಳನ್ನೇ ಬಿಟ್ಟಿದ್ದಾರೆ. ಬಣ್ಣದ ವಿಷಯದಲ್ಲಿ ನನ್ನಂಥವರ ಮೇಲೆ ಅಷ್ಟು ಕರುಣೆ ತೋರಿದಂತಿಲ್ಲ. ಈಗ ನಾನು ಯಾರಿಗಾದರೂ ಹೇಳುವುದೇನೆಂದರೆ, ಫಲಕವನ್ನು ಮೊದಲು ಒರೆಸಿ, ಆಮೇಲೆ ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿ.

ಇಷ್ಟೊಂದು ಸಂಕೇತಗಳು ಹುಟ್ಟಿಕೊಂಡುದು ಏಕೆ ಎಂಬುದಕ್ಕೆ ಸ್ವಲ್ಪ ಇತಿಹಾಸವಿದೆ. ಇತಿಹಾಸದ ವಿದ್ಯಾರ್ಥಿಯಾದುದರಿಂದ ಅದನ್ನು ಬಿಡಲು ಮನಸ್ಸಾಗದು. ಮೊದಮೊದಲು ಮೋಟಾರು ಗಾಡಿಗಳಿಗೆ ಕುದುರೆಸಾರೋಟಿನ ವಾರ್ನಿಷನ್ನೇ ಪದರ ಪದರವಾಗಿ ಬಳಿಯುತ್ತಿದ್ದರು. ಒಣಗಲು ವಾರಗಟ್ಟಲೆ ಬೇಕಾಗಿತ್ತು. ಅಮೆರಿಕದ ಫೋರ್ಡ್ ಕಂಪನಿಯು 1908ರಲ್ಲಿ ಹೊರತಂದ ಮಾಡೆಲ್ ಟಿ ಗಾಡಿಯನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲಿಯೇ ಮಾರಿತು. ಆ ಕಾಲದಲ್ಲಿ ನನ್ನ ಗೀರಿನ ಚಿಂತೆ ಅರ್ಧಗಂಟೆಯಲ್ಲಿ ಮುಗಿಯುತ್ತಿತ್ತು. 1920ರ ದಶಕದ ಮೊದಲ ವರ್ಷಗಳಲ್ಲಿ ಡ್ಯೂಪಾಂಟ್ ಕಂಪನಿಯವರು ಡ್ಯೂಕೋ ಎಂಬ, ಗಂಟೆಗಳಲ್ಲಿ ಒಣಗುವ ಬಣ್ಣವನ್ನು ತಯಾರಿಸಿದರು. 1924ರ ಓಕ್‌ಲ್ಯಾಂಡ್ ಕಾರುಗಳು ಅದನ್ನು ಹಚ್ಚಿಕೊಂಡು ನೀಲಿಯಾಗಿ ಹೊರಬಂದುವು. ಅಲ್ಲಿಂದ ಮುಂದೆ ಗಿರಾಕಿಗಳಿಗೆ ವರ್ಷಕ್ಕೊಂದು ಹೊಸ ಬಣ್ಣ ಬೇಕಾಯಿತು. ಬಣ್ಣಗಳು ಹೆಚ್ಚಿದಾಗ ಸಂಖ್ಯೆಯಿಲ್ಲದೆ ಲೆಕ್ಕ ಇಡುವುದು ಹೇಗೆ? ಡ್ಯೂಕೋ ಹೋಗಿ ಅದಕ್ಕಿಂತ ಗಟ್ಟಿಯಾದುವು ಬಂದಿದ್ದರೂ ನಮ್ಮೂರಿನ ಪೇಂಟರುಗಳ ಬಾಯಲ್ಲಿ ಆ ಹೆಸರು ಮಾತ್ರ ಇನ್ನೂ ಉಳಿದುಕೊಂಡಿದೆ.

ಸರಿಯಾದ ಸಂಕೇತ ಸಿಕ್ಕಿತು, ಇನ್ನೇನು, ಬಣ್ಣ ಬಂದಂತೆಯೇ ಎಂದು ನಾನು ತಿಳಿದೆ. ಮೇಸ್ತ್ರಿ ಒಪ್ಪಲಿಲ್ಲ. "ನಂಬರು ಅಡಿಗೆ ಬರೆದಿಟ್ಟ ಚೀಟಿ ಇದ್ದ ಹಾಗೆ. ಸಾರು ಹೇಗಾಗಿದೆ ಅಂತ ಚೀಟಿ ಹೇಳಲ್ಲ" ಎಂದು, ಪೆಟ್ರೋಲ್ ಟ್ಯಾಂಕಿನ ಮೇಲಿನ ಪುಟ್ಟ ಮುಚ್ಚಳವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಅದನ್ನು ಅಂಗಡಿಗೆ ತೆಗೆದುಕೊಂಡು ಹೋಗಲು ಹೇಳಿದರು. ಕಾರನ್ನು ಅಂಗಡಿಯೊಳಕ್ಕೆ ಒಯ್ಯಲಾಗದು, ಮುಚ್ಚಳವನ್ನು ಒಯ್ಯಬಹುದು. ಅದಕ್ಕೂ ಮೊದಲು ಅದರ ಹೊರಮೈಯನ್ನು ಕಾಂಪೌಂಡ್ ಹಾಕಿ ಉಜ್ಜಿಸಿದರು. ಕೊಳೆಗೆ ಬಣ್ಣ ಹೊಂದಿಸಿದರೆ ತೊಳೆದ ದಿನ ಬಯಲಾಗುತ್ತದೆಯಲ್ಲವೆ? ಉಜ್ಜಿದ ಹೊರಮೈಯನ್ನೂ ಬಿಸಿಲು ಕಾಣದ ಒಳಮೈಯನ್ನೂ ಜೊತೆಯಲ್ಲಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ಒಂದೇ ದಿನ ಒಂದೇ ಬಣ್ಣ ಹಚ್ಚಿಕೊಂಡುವು ಈಗ ಎರಡು ಬಣ್ಣವಾಗಿದ್ದುವು. ಬಿಸಿಲಿನ ಅತಿನೇರಳೆ ಕಿರಣ ಬಣ್ಣವನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಅದರಲ್ಲಿಯೂ ಆಕಾಶಕ್ಕೆ ಮುಖಮಾಡಿದ ಬಾನೆಟ್ಟು, ಮಾಡುಗಳನ್ನು ಬಾಗಿಲಿಗಿಂತ ಹೆಚ್ಚಾಗಿ. ಆದುದರಿಂದ ಒಂದೇ ಕಾರಿನ ಬಾನೆಟ್ಟಿಗೆ ಹೊಂದಿದ ಬಣ್ಣ ಅದರ ಬಾಗಿಲಿಗೆ ಹೊಂದದೆ ಹೋಗಬಹುದು.

ಅಂಗಡಿಯಲ್ಲಿ ಸಾಲಾಗಿ ಡಬ್ಬಿಗಳು. ಒಂದೊಂದರ ಮುಚ್ಚಳದಲ್ಲಿಯೂ ಒಂದು ಕಡೆಗೋಲು. ಸಂಕೇತವನ್ನು ಒತ್ತಿದೊಡನೆ ಯಾವ ಡಬ್ಬಿಯಿಂದ ಎಷ್ಟು ಗ್ರಾಂ ಎಂಬ ಪಟ್ಟಿ ಬರುತ್ತದೆ. ಗ್ರಾಮಿನ ಹತ್ತನೆಯ ಒಂದು ಪಾಲನ್ನೂ ತೋರಿಸುವ ತಕ್ಕಡಿಯ ಮೇಲೆ ತೊಟ್ಟು ತೊಟ್ಟಾಗಿ ಸುರಿಯುತ್ತಾರೆ: ದಪ್ಪ ಕಣದ ಅಲ್ಯೂಮಿನಿಯಂ, ಸಣ್ಣ ಕಣದ ಅಲ್ಯೂಮಿನಿಯಂ, ಒಂದಿಷ್ಟು ಕಪ್ಪು, ಚೂರು ನೀಲಿ. ಒಂದೇ ಸಂಕೇತಕ್ಕೆ ಮೂಲ ಪಟ್ಟಿಯಲ್ಲದೆ, ಸ್ವಲ್ಪ ಹಳದಿಗೆ ವಾಲಿದ್ದು, ಸ್ವಲ್ಪ ನೀಲಿಗೆ ವಾಲಿದ್ದು, ಕಣ ದಪ್ಪವಾಗಿರುವುದು ಎಂದು ಬೇರೆ ಪಟ್ಟಿಗಳೂ ಇದ್ದುವು; ಕಾರ್ಖಾನೆಯಲ್ಲಿಯೂ ಒಂದು ಸಲ ಕಲಸಿದ್ದು ಇನ್ನೊಂದು ಸಲದಂತೆ ಬರುವುದಿಲ್ಲವಂತೆ. ದೊಡ್ಡ ಅಂಗಡಿಗಳಲ್ಲಿ ಬಣ್ಣವನ್ನು ನಾನಾ ಕೋನಗಳಿಂದ ಅಳೆಯುವ ಯಂತ್ರವಿರುತ್ತದೆ. ಅಂತರರಾಷ್ಟ್ರೀಯ ಬೆಳಕಿನ ಆಯೋಗದವರು 1976ರಲ್ಲಿ ನಿರ್ಣಯಿಸಿದ ಒಂದು ಕ್ರಮದಂತೆ, ಅದು ಪ್ರತಿಯೊಂದು ಬಣ್ಣವನ್ನೂ ಮೂರು ಅಂಕಿಗಳಾಗಿ ಹೇಳುತ್ತದೆ: ಎಷ್ಟು ಬೆಳಕು, ಕೆಂಪು ಹಸುರುಗಳ ನಡುವೆ ಎಲ್ಲಿ, ಹಳದಿ ನೀಲಿಗಳ ನಡುವೆ ಎಲ್ಲಿ. ಎರಡು ಬಣ್ಣಗಳ ಅಂತರ ಸುಮಾರು ಒಂದಕ್ಕಿಂತ ಕಡಮೆಯಾದರೆ ಸಾಮಾನ್ಯರ ಕಣ್ಣಿಗೆ ಭೇದ ತಿಳಿಯುವುದಿಲ್ಲ. ನಾನು ಹೋದ ಅಂಗಡಿಯಲ್ಲಿ ಆ ಯಂತ್ರವಿರಲಿಲ್ಲ. ಅವರ ಕಣ್ಣು ಇತ್ತು. ಮತ್ತು ಆ ದಿನ ನನ್ನ ಪುಣ್ಯಕ್ಕೆ ನನ್ನ ತಾಯಿ ಜೊತೆಗೆ ಬಂದಿದ್ದರು.

ಅಂಗಡಿಯವರು ಮೂರು ಕಾರ್ಡುಗಳಿಗೆ ಮೂರು ಬಗೆಯ ಬೆಳ್ಳಿಯನ್ನು ಹೊಡೆದು ಒಣಗಿಸಿ, ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟನ್ನೂ ಹೊಡೆದು ಕೊಟ್ಟರು. ಅದಿಲ್ಲದೆ ನೋಡಿದರೆ ಬಣ್ಣದ ನಿಜವಾದ ಆಳ ಕಾಣುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಎರಡನೆಯ ಕಾರ್ಡು ಮುಚ್ಚಳದೊಡನೆ ಬೆರೆತೇ ಹೋಯಿತು. "ಇದೇ" ಎಂದೆ. ನನ್ನ ತಾಯಿ ಒಂದು ಮಾತನ್ನೂ ಆಡದೆ, ಕಾರ್ಡನ್ನೂ ಮುಚ್ಚಳವನ್ನೂ ತೆಗೆದುಕೊಂಡು ಅಂಗಡಿಯ ಮೆಟ್ಟಿಲಿಳಿದು ಬಯಲಿಗೆ ಹೋದರು. ರವಿಕೆಯ ಕಣ ಕೊಳ್ಳುವಾಗ ಅವರು ಯಾವಾಗಲೂ ಹಾಗೆಯೇ. ಮ್ಯಾಚಿಂಗ್ ಸೆಂಟರಿನವನು ಎಷ್ಟೇ ಆಣೆ ಹಾಕಿದರೂ ಸೀರೆಯ ಸೆರಗನ್ನೂ ಕಣವನ್ನೂ ಹಗಲ ಬೆಳಕಿನಲ್ಲಿ ನೋಡದೆ ದುಡ್ಡು ಬಿಚ್ಚುವುದಿಲ್ಲ. ಬಾಲ್ಯದಲ್ಲಿ ನನಗೆ ಇದು ಬಹಳ ನಾಚಿಕೆಯ ವಿಷಯವಾಗಿತ್ತು. ಬಯಲಿನಲ್ಲಿ ಎರಡನೆಯ ಕಾರ್ಡು ನಸುಹಳದಿಯಾಗಿ ಬೇರೆಯೇ ಕಂಡಿತು, ಮೂರನೆಯದು ಸರಿಹೊಂದಿತು. ಬೇರೆ ಬೇರೆ ಬಣ್ಣದ ಪುಡಿಗಳನ್ನು ಬೆರೆಸಿ ಮಾಡಿದ ಎರಡು ಬಣ್ಣಗಳು ಒಂದು ದೀಪದಲ್ಲಿ ಒಂದೇ ಆಗಿ, ಇನ್ನೊಂದು ದೀಪದಲ್ಲಿ ಎರಡಾಗಿ ಕಾಣುವುದುಂಟು; ವಿಜ್ಞಾನಿಗಳು ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ನನ್ನ ತಾಯಿ "ಅಂಗಡಿ ಬೆಳಕು" ಎನ್ನುತ್ತಾರೆ. ಅವರು ಕಾರ್ಡನ್ನು ನೇರವಾಗಿಯೂ ಓರೆಯಾಗಿಯೂ ಹಿಡಿದು ನೋಡಿದುದನ್ನು ಕಂಡು ಅಂಗಡಿಯವರು, "ಅಮ್ಮ, ನೀವು ಇಲ್ಲೇ ಕೆಲಸಕ್ಕೆ ಬನ್ನಿ" ಎಂದರು.

ಓರೆಯಾಗಿ ಹಿಡಿದು ನೋಡುವುದು ಬೆಳ್ಳಿಯ ಬಣ್ಣಕ್ಕೆ ಬಹಳ ಅಗತ್ಯ. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಚಾಪೆಯ ಮೇಲೆ ಒಣಹಾಕಿದ ಹಪ್ಪಳಗಳಂತೆ ಚಪ್ಪಟೆಯಾಗಿ ಮಲಗಿರುತ್ತವೆ. ಎದುರಿನಿಂದ ನೋಡಿದರೆ ಫಳಫಳ, ಪಕ್ಕದಿಂದ ನೋಡಿದರೆ ಮಬ್ಬು. ಗನ್ನಿನಿಂದ ತೆಳುವಾಗಿ ಒಣಒಣಗಿ ಹೊಡೆದರೆ ಬಣ್ಣ ಬಿಳುಪೇರುತ್ತದೆ, ಒದ್ದೆಯಾಗಿ ಹೊಡೆದರೆ ಚೂರುಗಳು ಮುಳುಗಿ ಕಪ್ಪೇರುತ್ತದೆ. ಕುಂಚದಿಂದ ಹಚ್ಚಿದರೆ ಡಬ್ಬದಲ್ಲಿ ತುಂಬಿದ ಹಪ್ಪಳದಂತೆ ಅಡ್ಡಾದಿಡ್ಡಿಯಾಗಿ ನಿಲ್ಲುತ್ತವೆ. ಆದುದರಿಂದ ಡಬ್ಬಿಯ ಬಣ್ಣ ಎಷ್ಟೇ ಸರಿಯಾಗಿದ್ದರೂ ಕುಂಚದ ಗುರುತು ಸ್ವಲ್ಪ ಕಪ್ಪಾಗಿ ಕಾಣುವುದನ್ನು ಯಾರೂ ತಪ್ಪಿಸಲಾರರು. ಕೇವಲ ಬಿಳಿ, ಕೆಂಪುಗಳಂಥ ಸಾದಾ ಬಣ್ಣಗಳಲ್ಲಿ ಈ ಕಷ್ಟವಿಲ್ಲ.

"ಹಾಗಾದರೆ ಬಾಗಿಲು ಪೂರ್ತಿ ಗನ್ನಿನಲ್ಲಿ ಹೊಡೆದುಬಿಡಿ, ಮೇಸ್ತ್ರಿ" ಎಂದೆ. ನನ್ನ ಮನಸ್ಸಿನಲ್ಲಿದ್ದುದು, ಮಾವನವರಿಗೆ ಗೊತ್ತೇ ಆಗಬಾರದು ಎಂಬುದು. ಮೇಸ್ತ್ರಿ ಗಾಡಿ ಯಾರದು, ಏಕೆ ಅವಸರ ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದುದರ ಸಾರ ಇಷ್ಟು. ಕಾರ್ಖಾನೆಯ ಬಣ್ಣವೆಲ್ಲ ಸೇರಿ, ಅಂದರೆ ತುಕ್ಕು ತಡೆಯುವ ತಳಪದರ, ಅದರ ಮೇಲಿನ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ ದಪ್ಪ ಸುಮಾರು ನೂರರಿಂದ ನೂರೈವತ್ತು ಮೈಕ್ರಾನ್, ಒಂದೆರಡು ತಲೆಗೂದಲಿನಷ್ಟು. ಹಳೆಯ ಗಾಡಿ ಕೊಳ್ಳುವವರು ಈಗ ಬಣ್ಣದ ದಪ್ಪವನ್ನು ಅಳೆಯುವ ಪುಟ್ಟ ಯಂತ್ರವನ್ನು ಇಟ್ಟುಕೊಂಡು ಬರುತ್ತಾರೆ. ಮತ್ತೆ ಬಣ್ಣ ಹೊಡೆದ ಬಾಗಿಲು ಅದರಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಬಾಗಿಲು ಎಷ್ಟು ಚೆನ್ನಾಗಿದ್ದರೆ ಅಷ್ಟೂ ಅನುಮಾನ: ಇಲ್ಲಿ ಏನೋ ದೊಡ್ಡದಾಗಿ ಗುದ್ದಿದೆ, ಪುಟ್ಟಿ ತುಂಬಿ ಮುಚ್ಚಿದ್ದಾರೆ ಎಂದು. "ಗೀರು ಬಿದ್ದ ಗಾಡಿಗೆ ಒಂದೆರಡು ಸಾವಿರ ಕಮ್ಮಿ ಕೇಳ್ತಾರೆ. ಆಕ್ಸಿಡೆಂಟ್ ಗಾಡಿ ಅಂದ್ರೆ ವ್ಯಾಪಾರಾನೇ ಮುರಿಯುತ್ತೆ. ನಿಮ್ಮ ಮಾವನ ಮಾತಿಗೆ ಬೆಲೆ ಇರಲ್ಲ. ಗೀರಿಗೆ ಎಷ್ಟು ಬೇಕೋ ಅಷ್ಟೇ ಹಚ್ಚು. ನೀನೇ ಹಚ್ಚು."

ಹೀಗಾಗಿ ನಾನೇ ಹಚ್ಚಿದೆ. ಸೋಪಿನ ನೀರಿನಿಂದ ತೊಳೆದು, ಮೇಣದ ಜಿಡ್ಡು ತೆಗೆದು, ಬರಿಯ ತಗಡು ಕಾಣುತ್ತಿದ್ದ ಎರಡು ಬೆರಳಗಲದಲ್ಲಿ ಸಣ್ಣ ವಾಟರ್ ಪೇಪರಿನಿಂದ ಹಗುರವಾಗಿ ಉಜ್ಜಿ, ಅಲ್ಲಿಗೆ ಮಾತ್ರ ಪ್ರೈಮರ್. ಅಂದು ಮಳೆ ಬಂದುದರಿಂದ ಒಂದು ದಿನ ಕಾಯಬೇಕಾಯಿತು; ಗಾಳಿಯಲ್ಲಿ ತೇವ ಹೆಚ್ಚಾಗಿದ್ದರೆ ಬೇಗ ಒಣಗುವ ಬಣ್ಣದ ಮೇಲೆ ನೀರಿನ ಪಸೆ ಕೂತು ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಸುಡುವ ಬಿಸಿಲಿನಲ್ಲಿಯೂ ಹಚ್ಚಬಾರದು. ಡಬ್ಬಿಯನ್ನು ಐದು ನಿಮಿಷ ಅಲ್ಲಾಡಿಸಿದೆ, ಏಕೆಂದರೆ ಅಲ್ಯೂಮಿನಿಯಂ ತಳಕ್ಕೆ ಇಳಿದಿರುತ್ತದೆ. ಅಲ್ಲಾಡಿಸದೆ ಹಚ್ಚಿದರೆ ಸಂಕೇತ ಹುಡುಕಿದ ಶ್ರಮವೆಲ್ಲ ವ್ಯರ್ಥ. ಹಲ್ಲುಕಡ್ಡಿಯ ತುದಿಯಿಂದ ಗೀರಿನ ಒಳಗೆ ಮಾತ್ರ, ಅಂಚಿನ ಮೇಲೆ ಹತ್ತದಂತೆ, ನಾಲ್ಕು ತೆಳು ಪದರ. ಒಂದೊಂದೂ ಒಣಗಿದ ಮೇಲೆ ಇನ್ನೊಂದು. ಆಮೇಲೆ ಕ್ಲಿಯರ್. ಗಟ್ಟಿಕಾರಕ ಬೆರೆಸುವ ಜಾತಿಯ ಕ್ಲಿಯರನ್ನು ಗನ್ನಿನಿಂದ ಹೊಡೆಯುವುದಾದರೆ ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು; ನಾನು ತಂದುದು ಹಾಗೆಯೇ ಹಚ್ಚುವ ಪುಟ್ಟ ಶೀಷೆ. ಮೂರು ದಿನ ಬಿಟ್ಟು, ಎರಡು ಸಾವಿರ ನಂಬರಿನ ಪೇಪರನ್ನು ನೀರಿನಲ್ಲಿ ನೆನೆಸಿ ಉಬ್ಬನ್ನು ತಟ್ಟೆ ಮಾಡಿ, ಕಾಂಪೌಂಡ್ ಹಾಕಿ ಉಜ್ಜಿದೆ. ನಾಲ್ಕು ಮಾರು ದೂರದಿಂದ ಏನೂ ಕಾಣುತ್ತಿರಲಿಲ್ಲ. ಹತ್ತಿರ ಬಂದು ಓರೆಯಾಗಿ ನೋಡಿದರೆ ಪೆನ್ಸಿಲಿನಿಂದ ಎಳೆದಂಥ ಒಂದು ನಸುಕಪ್ಪು ಗೆರೆ.

ಮಾವನವರು ಬಂದುದು ಸಂಜೆಯ ಹೊತ್ತು. ಗಂಗೆಯ ಥಾಲಿಯನ್ನು ತಾಯಿಯ ಕೈಗೆ ಕೊಟ್ಟು, ಕಾಫಿ ಕುಡಿದು, ಅಂಗಳಕ್ಕೆ ಹೋಗಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹೇಳಬೇಕೆಂದು ನಾನು ಸಿದ್ಧಮಾಡಿಕೊಂಡಿದ್ದ ಮಾತುಗಳು ಇನ್ನೂ ಗಂಟಲಿನಲ್ಲಿಯೇ ಇದ್ದಾಗ ಅವರು ಎಡಗಡೆಯ ಹಿಂದಿನ ಬಾಗಿಲಿನ ಬಳಿ ನಿಂತು, ಬೆರಳಿನಿಂದ ಸವರಿ, "ಎಷ್ಟು ಖರ್ಚಾಯ್ತೋ?" ಎಂದರು. ಎಲ್ಲವನ್ನೂ ಹೇಳಿದೆ, ಹಾರ್ಡ್‌ವೇರ್ ಅಂಗಡಿಯ ಕಥೆಯನ್ನೂ ಬಿಡಲಿಲ್ಲ. ಅವರು ಬೈದರು. ಬೈದುದನ್ನು ಇಲ್ಲಿ ಬರೆಯುವುದು ಅನಗತ್ಯ.

ಭಾನುವಾರ ಮೇಷ್ಟರು ಬಂದಾಗ ಮಾವನವರು ಮೊದಲು ಅವರನ್ನು ಆ ಬಾಗಿಲಿನ ಬಳಿಗೇ ಕರೆದುಕೊಂಡು ಹೋಗಿ, "ನಮ್ಮ ಹುಡುಗ ಗೇಟಿಗೆ ತಗುಲಿಸಿದಾನೆ, ನೋಡ್ಕೊಳ್ಳಿ" ಎಂದರು. ಮೇಷ್ಟರು ಕುಕ್ಕರಗಾಲಿನಲ್ಲಿ ಕುಳಿತು, ಬಾಗಿಲಿನ ರಬ್ಬರಿನ ಅಂಚನ್ನು ಎತ್ತಿ ಅದರಡಿಯಲ್ಲಿ ಹೊಸ ಬಣ್ಣ ಬಿದ್ದಿದೆಯೇ ಎಂದು ನೋಡಿದರು, ಇರಲಿಲ್ಲ. ಗೆರೆಯನ್ನು ಬಹಳ ಹೊತ್ತು ನೋಡಿ, ಎರಡು ಸಾವಿರ ರೂಪಾಯಿ ಬಿಡಬೇಕೆಂದು ಕೇಳಿದರು. ಮಾವನವರು ಒಪ್ಪಿದರು. ಆ ಎರಡು ಸಾವಿರವನ್ನು ಅವರು ನನ್ನನ್ನು ಕೇಳಲಿಲ್ಲ. ನಾನೇ ಮಕ್ಕಳಿಗೆ ಪಾಠ ಹೇಳಿ ಬಂದುದರಲ್ಲಿ ತೀರಿಸುತ್ತಿದ್ದೇನೆ, ಇನ್ನು ಎಂಟುನೂರು ಬಾಕಿ ಇದೆ. ಅಂಗಡಿಯವರು ನೂರು ಮಿಲಿಲೀಟರಿಗಿಂತ ಕಡಮೆ ಕಲಸಿಕೊಡದ ಕಾರಣ ಡಬ್ಬಿಯ ತುಂಬ ಬಣ್ಣ ಉಳಿದಿತ್ತು. ಅದರ ಮೇಲೆ ಝಡ್2ಎಸ್ ಎಂದೂ, ಕಲಸಿದ ತಾರೀಖನ್ನೂ, ಮೂರನೆಯ ಕಾರ್ಡಿನದು ಎಂದೂ ಬರೆದು, ಎರಡನೆಯ ಕೀಲಿಕೈಯ ಜೊತೆಗೆ ಮೇಷ್ಟರ ಕೈಗೆ ಕೊಟ್ಟೆ.